ರುಚಿ ಹೇಳುವ ಹಕ್ಕು ಯಾರದು?

ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿಗೆ ಹೋಗುವ ದಾರಿಯಲ್ಲಿ ನಮ್ಮ ಆಲ್ದೂರು. ಸುತ್ತಲೂ ಕಾಫಿ. ಈಗ ಶನಿವಾರ ಭಾನುವಾರ ಬಂತೆಂದರೆ ಬೆಂಗಳೂರಿನ ಕಾರುಗಳು ಈ ಕಡೆ ಹತ್ತುತ್ತವೆ. ಬಂದವರು ತೋಟ ಸುತ್ತುತ್ತಾರೆ, ಗಿಡದ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ, ಆಮೇಲೆ ಉದ್ದನೆ ಮೇಜಿನ ಮುಂದೆ ನಿಂತು ಕಾಫಿಯ ರುಚಿ ನೋಡುತ್ತಾರೆ. ನಂದಿಬೆಟ್ಟದ ತಪ್ಪಲಿನ ದ್ರಾಕ್ಷಿ ತೋಟಕ್ಕೆ ಹೋದವರು ನಾಕಾರು ಗ್ಲಾಸು ವೈನ್ ಮುಂದಿಟ್ಟುಕೊಂಡು ‘ನನಗೆ ಇದು, ನಿನಗೆ ಅದು’ ಅಂತ ಆರಿಸ್ತಾರಲ್ಲ, ಹಾಗೆ. ಇದರಲ್ಲಿ ತಪ್ಪೇನಿದೆ ಎಂದು ಗೆಳೆಯರು ಕೇಳಬಹುದು. ರುಚಿ ನೋಡುವುದು ತಪ್ಪೆಂದು ನಾವು ಹೇಳುತ್ತಿಲ್ಲ. ನಮ್ಮ ಪ್ರಶ್ನೆ ಇಷ್ಟೆ: ರುಚಿ ಹೇಳುವ ಹಕ್ಕು ಯಾರದು? ಕೊಂಡವರದೋ, ಒಡೆತನ ಇದ್ದವರದೋ, ಆ ರುಚಿಯನ್ನು ಕೈಯಾರೆ ಮಾಡಿದವರದೋ?

ಕಾಫಿಯ ರುಚಿ ನೋಡಲಿಕ್ಕೂ ಒಂದು ಶಾಸ್ತ್ರವಿದೆ. ಕಪ್ಪಿಂಗ್ ಅಂತಾರೆ. ಎಂಟೂಕಾಲು ಗ್ರಾಂ ಪುಡಿಗೆ 150 ಮಿಲಿಲೀಟರ್ ಬಿಸಿನೀರು. ನಾಲ್ಕು ನಿಮಿಷ ಬಿಟ್ಟು, ಮೇಲೆ ಕಟ್ಟಿದ ಪುಡಿಯ ಪದರವನ್ನು ಚಮಚದಿಂದ ಒಡೆದು ಮೂಸಬೇಕು. ಆರುತ್ತಾ ಬಂದಂತೆ ಚಮಚದಲ್ಲಿ ಎತ್ತಿ ಸೊರ್ರೆಂದು ಹೀರಿ, ಬಾಯೆಲ್ಲ ಆಡಿಸಿ, ಉಗುಳಬೇಕು. ಘಮಕ್ಕೆ, ಹುಳಿಗೆ, ಸಿಹಿಗೆ, ಕುಡಿದ ಮೇಲೆ ಬಾಯಲ್ಲಿ ಉಳಿಯುವ ರುಚಿಗೆ, ಎಲ್ಲಕ್ಕೂ ಅಂಕ. ಸ್ಪೆಷಾಲಿಟಿ ಕಾಫಿ ಅಸೋಸಿಯೇಷನ್ ರೂಢಿಗೆ ತಂದ ಲೆಕ್ಕದಲ್ಲಿ ನೂರಕ್ಕೆ 80 ಮುಟ್ಟಿದರೆ ಅದು ‘ಸ್ಪೆಷಾಲಿಟಿ’. ಅಂಕ ಏರಿದ ಕಾಫಿ ಹೆಚ್ಚಿನ ಬೆಲೆ ಕೇಳುತ್ತದೆ.

ಆ ಅಂಕ ಹುಟ್ಟುವುದೆಲ್ಲಿ? ಎತ್ತರದಲ್ಲಿ ಅಂತಾರೆ, ಮಣ್ಣಿನಲ್ಲಿ ಅಂತಾರೆ, ಮರದ ನೆರಳಿನಲ್ಲಿ, ಹೂಮಳೆಯಲ್ಲಿ ಅಂತಾರೆ. ಎಲ್ಲಾ ನಿಜ. ‘ಚಿಕ್ಕಮಗಳೂರು ಅರೇಬಿಕಾ’, ‘ಬಾಬಾಬುಡನ್‌ಗಿರಿ ಅರೇಬಿಕಾ’ ಎಂಬ ಹೆಸರುಗಳಿಗೆ 2019ರಲ್ಲಿ ಭೌಗೋಳಿಕ ಗುರುತು ಕೂಡ ಸಿಕ್ಕಿತು. ನೆಲಕ್ಕೆ ಗುರುತು ಸಿಕ್ಕಿತು. ಕೈಗೆ?

ಒಂದೇ ರೆಕ್ಕೆಯಲ್ಲಿ ಹಸಿರು ಕಾಯಿ, ಅರೆಹಣ್ಣು, ಕೆಂಪು ಹಣ್ಣು ಒಟ್ಟಿಗೇ ಇರುತ್ತವೆ. ಕೆಂಪಗಾದದ್ದನ್ನು ಮಾತ್ರ ಬಿಡಿಸಬೇಕು. ಹಸಿರು ಬೆರೆತರೆ ಕಾಫಿ ಒಗರಾಗುತ್ತದೆ, ಹುಲ್ಲಿನ ವಾಸನೆ ಹೊಡೆಯುತ್ತದೆ. ಹುಳಿತು ಕೆಟ್ಟ ಒಂದು ಕಾಳು ಇಡೀ ಬಟ್ಟಲನ್ನೇ ಕೆಡಿಸಬಲ್ಲದು. ಹಾಗಾಗಿ ಎಂಬತ್ತರ ಅಂಕದ ಮೊದಲ ತೀರ್ಪು ಮೇಜಿನ ಮೇಲೆ ಆಗುವುದಿಲ್ಲ. ಸೊಂಟಕ್ಕೆ ಚೀಲ ಕಟ್ಟಿಕೊಂಡು, ಚಗಳಿ ಇರುವೆ ಕಚ್ಚಿಸಿಕೊಂಡು ನಿಂತ ಹೆಂಗಸಿನ ಕಣ್ಣಲ್ಲಿ, ಬೆರಳಲ್ಲಿ ಆಗುತ್ತದೆ. ದಿನಕ್ಕೆ ಸಾವಿರಾರು ಸಲ ಆಕೆ ‘ಇದು ಬೇಕು, ಇದು ಬೇಡ’ ಎಂದು ಆರಿಸುತ್ತಾಳೆ. ಅದನ್ನು ಕೂಲಿ ಅಂತಾರೆ. ಬಂದವರು ಐದು ಬಟ್ಟಲಲ್ಲಿ ಒಂದನ್ನು ಆರಿಸಿದರೆ ಅದು ಅಭಿರುಚಿ.

ಲೆಕ್ಕದ ಒಳಮೋಸ ಇನ್ನೂ ಇದೆ. ಕುಯ್ಲಿನಲ್ಲಿ ಎಷ್ಟೋ ಕಡೆ ಕೆಜಿ ಮೇಲೆ ದುಡ್ಡು. ಹಣ್ಣನ್ನೇ ಆರಿಸಿ ಬಿಡಿಸುತ್ತಾ ಕೂತರೆ ಕೈ ನಿಧಾನ, ಸಂಜೆ ತೂಕ ಕಮ್ಮಿ, ಕೂಲಿ ಕಮ್ಮಿ. ಬರಬರನೆ ಬಳಿದು ಚೀಲ ತುಂಬಿದರೆ ಮೇಸ್ತ್ರಿ ಬೈಗುಳ. ಅಂದರೆ ರುಚಿ ಹೆಚ್ಚು ಮಾಡಿದ ತಪ್ಪಿಗೆ ಆಕೆ ದಂಡ ಕಟ್ಟಬೇಕು. ಹೆಚ್ಚಾದ ರುಚಿಯ ಬೆಲೆ ಬೇರೆಯವರ ಖಾತೆಗೆ ಹೋಗಬೇಕು. ಇದರ ಮೇಲೆ ಮುಂಗಡದ ಸಾಲ. 2022ರ ಅಕ್ಟೋಬರಿನಲ್ಲಿ ಇದೇ ಜಿಲ್ಲೆಯ ತೋಟವೊಂದರಲ್ಲಿ ಸಾಲದ ವಿಚಾರಕ್ಕೆ ದಲಿತ ಕೂಲಿಗಳನ್ನು ಕೂಡಿಹಾಕಿದರೆಂಬ ದೂರು ಪೊಲೀಸ್ ಠಾಣೆಯಲ್ಲಿ ದಾಖಲಾಯಿತು. ಒಳ್ಳೆ ಕಾಫಿಯ ಬಣ್ಣದ ಹಾಳೆಗಳಲ್ಲಿ ಹಕ್ಕಿಗಳ ಹೆಸರಿರುತ್ತದೆ, ಇಂಥ ಸುದ್ದಿ ಇರುವುದಿಲ್ಲ.

ಹಾಗಾದರೆ ದುಡಿಯುವವರಿಗೆ ನಾಲಿಗೆ ಇಲ್ಲವೇ? ರುಚಿ ಬಲ್ಲವರು ಕಾಫಿಯಲ್ಲಿ ಬ್ಲೂಬೆರಿ ಇದೆ ಅಂತಾರೆ, ಪೀಚ್ ಇದೆ ಅಂತಾರೆ. ನಮ್ಮ ಲೈನ್ ಮನೆಗಳ ನಾಲಿಗೆಗೆ ಚಗಳಿ ಚಟ್ನಿಯ ಹುಳಿ ಗೊತ್ತು, ಕಳಲೆಯ ಒಗರು ಗೊತ್ತು, ನೇರಳೆ ಗೊತ್ತು, ಹಳ್ಳದ ಏಡಿ ಸಾರು ಗೊತ್ತು. ಅದೂ ಒಂದು ನಿಘಂಟು. ಆದರೆ ಚಿಕೋರಿ ಬೆರೆತ ಅಗ್ಗದ ಪುಡಿಗೆ ಬೆಲ್ಲ ಹಾಕಿ ಕುಡಿಯುವ ಮನೆಗೆ ಬಂದು ‘ಅವ್ವಾ, ನೀನು ಕುಯ್ದ ಕಾಫಿ ಇದು, ಹೆಂಗಿದೆ ಹೇಳು’ ಅಂತ ಕೇಳಿದವರಿಲ್ಲ. ಕೇಳದಿದ್ದರೆ ನಾಲಿಗೆ ಇದ್ದೂ ಮೂಕ.

ನಾಲಿಗೆಗಳಲ್ಲಿ ಮೇಲು ಕೀಳು ಮಾಡುವುದರಲ್ಲಿ ಸರ್ಕಾರವೂ ಹಿಂದೆ ಬಿದ್ದಿಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅದೇ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂತು. ಸಾರಾಯಿಯನ್ನು ಹೊಗಳಲು ನಾವು ಹೊರಟಿಲ್ಲ. ನಮ್ಮ ಕೇರಿಗಳನ್ನು ಸುಟ್ಟದ್ದು ಅದೇ. ಅದರ ವಿರುದ್ಧ ಬೀದಿಗಿಳಿದದ್ದೂ ನಮ್ಮ ಚಳವಳಿಯೇ. ಆದರೆ ಒಂದೇ ವರ್ಷದಲ್ಲಿ ಒಂದು ನಾಲಿಗೆಗೆ ಬೀಗ, ಇನ್ನೊಂದಕ್ಕೆ ಪ್ರೋತ್ಸಾಹ ಬಂದಾಗ, ಬಡವ ಕುಡಿದರೆ ಚಟ, ಉಳ್ಳವನು ಕುಡಿದರೆ ಸಂಸ್ಕೃತಿ ಎಂಬ ಮಾತು ರಾಜ್ಯದ ಬಾಯಲ್ಲೂ ಬಂದ ಹಾಗಾಯಿತು.

ಇನ್ನು ಉಗುಳಿನ ಮಾತು. ಕಪ್ಪಿಂಗ್ ಮೇಜಿನಲ್ಲಿ ಒಂದೇ ಬಟ್ಟಲಿಗೆ ಐದಾರು ಜನ ಚಮಚ ಅದ್ದುವುದು ರೂಢಿ. ನಡುವೆ ನೀರಲ್ಲಿ ಜಾಲಿಸುತ್ತಾರೆ, ಅಷ್ಟೆ. ಎಂಜಲು ಎಂಬ ಮಾತು ಅಲ್ಲಿ ಏಳುವುದೇ ಇಲ್ಲ. ಉಗುಳಲು ಕೈಯಲ್ಲೊಂದು ಲೋಟ. ಅದು ಅವರ ವಿದ್ಯೆಯ ಗುರುತು. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯನು ಉಗುಳಿಗಾಗಿ ಕೊರಳಿಗೆ ಮಡಕೆ ಕಟ್ಟಿಕೊಂಡು ತಿರುಗಬೇಕಿತ್ತೆಂದು ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ಬರೆದಿದ್ದಾರೆ. ನಮ್ಮ ಅಜ್ಜ ಅಜ್ಜಿಯರು ಕಾಫಿ ಕಣದ ಅಂಚಿನಲ್ಲಿ ಕರಟ ಹಿಡಿದು ನಿಂತರು. ಕಾಫಿಯನ್ನು ಮೇಲಿಂದ ಎತ್ತಿ ಹೊಯ್ದರು. ಉಗುಳು ಒಂದೇ, ಬಾಯಿ ಬೇರೆ.

ಇಲ್ಲಿ ಕೆಲವು ಸಂಗಾತಿಗಳು ತಕರಾರು ತೆಗೆಯುತ್ತಾರೆ. ‘ಮೊದಲು ಕೂಲಿ, ಮನೆ, ಭೂಮಿ ಕೇಳೋಣ. ರುಚಿ ಗಿಚಿ ಹೊಟ್ಟೆ ತುಂಬಿದವರ ಮಾತು’ ಅಂತಾರೆ. ಕೂಲಿ, ಮನೆ, ಭೂಮಿ ಮೊದಲು, ಒಪ್ಪುತ್ತೇವೆ. ಆದರೆ ಬೆಲೆ ಕಟ್ಟುವುದು ರುಚಿಯ ಮೇಲೆ ಅಂದಮೇಲೆ, ರುಚಿ ತಿಳಿಯದವರು ಬೆಲೆಯ ಮಾತಿನಲ್ಲಿ ಸೋಲುತ್ತಾರೆ. ತನ್ನ ಬೆರಳು ಕಾಫಿಗೆ ಎಷ್ಟು ಅಂಕ ಕೂಡಿಸಿತೆಂದು ಗೊತ್ತಿರುವ ಹೆಂಗಸು ಕೂಲಿ ಕೇಳುವ ದನಿಯೇ ಬೇರೆ. ಇನ್ನೊಂದು ಮಾತು. 1927ರ ಮಾರ್ಚ್ 20ರಂದು ಮಹಾಡದ ಚೌದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿದವರು ಬರೀ ಬಾಯಾರಿ ಹೋದವರಲ್ಲ. ಮನುಷ್ಯರಾಗಿ ಕುಡಿಯಲು ಹೋದವರು.

ಈ ಕಪ್ಪಿಂಗ್‌ನಲ್ಲಿ ನಮಗೆ ತುಂಬ ಹಿಡಿಸಿದ ಒಂದು ನಿಯಮವಿದೆ. ನ್ಯಾಯವಾಗಿ ಮಾಡುವ ಕಡೆ ಬಟ್ಟಲ ಮೇಲೆ ತೋಟದ ಹೆಸರು, ಒಡೆಯರ ಹೆಸರು ಇರುವುದಿಲ್ಲ. ಬರೀ ನಂಬರು. ಹೆಸರು ಕಂಡರೆ ನಾಲಿಗೆ ಸುಳ್ಳು ಹೇಳುತ್ತದೆಂದು ಅವರಿಗೂ ಗೊತ್ತು. ಕುಲ ಮುಚ್ಚಿಟ್ಟು ಗುಣ ನೋಡುವ ಈ ಧರ್ಮ ಕಾಫಿ ಬಟ್ಟಲಿಗೆ ಸಿಕ್ಕಿದೆ, ಕುಯ್ದವರಿಗೆ ಸಿಕ್ಕಿಲ್ಲ. ಆಲ್ದೂರಿನ ಕೇರಿಯಿಂದ ಬಂದ ಹುಡುಗನಿಗೆ ಇವತ್ತೂ ‘ಯಾರ ಪೈಕಿ?’ ಎಂಬ ಪ್ರಶ್ನೆ ಮೊದಲು, ಹೆಸರು ಆಮೇಲೆ.

ಆದ್ದರಿಂದ ನಾವು ಕೇಳುವುದಿಷ್ಟು. ಹಣ್ಣು ಆರಿಸಿ ಕುಯ್ಯುವ ಕೆಲಸಕ್ಕೆ ತೂಕದ ಕೂಲಿ ಬೇಡ; ಪೂರ್ತಿ ದಿನಗೂಲಿ, ಅದರ ಮೇಲೆ ಹೆಚ್ಚುವರಿ ಬೆಲೆಯಲ್ಲಿ ಪಾಲು ಬೇಕು. ತೋಟದ ಕಾಫಿಯ ರುಚಿ ನೋಡುವ ದಿನ ಕುಯ್ದವರೂ ಮೇಜಿಗೆ ಬರಬೇಕು, ಆ ಹೊತ್ತಿಗೂ ಕೂಲಿ ಸಲ್ಲಬೇಕು. ಅಸ್ಸಾಂ ಕಡೆಯಿಂದ ಬಂದು ಲೈನಿನಲ್ಲಿ ಉಳಿದ ಕೂಲಿಗಳೂ ಅದರಲ್ಲಿ ಸೇರಬೇಕು. ಸುತ್ತಿನ ಶಾಲೆಯ ಮೇಷ್ಟ್ರುಗಳಲ್ಲಿ ನಮ್ಮದೊಂದು ವಿನಂತಿ: ಬಾಬಾಬುಡನ್ ಏಳು ಬೀಜ ತಂದ ಕತೆಯನ್ನು ಮಕ್ಕಳಿಗೆ ಹೇಳಿ. ಹೇಳಿದ ಮೇಲೆ, ಆ ಬೀಜವನ್ನು ತಲೆತಲಾಂತರ ನೆಟ್ಟವರು, ಕಸಿ ಮಾಡಿದವರು, ಕುಯ್ದವರು ಯಾರೆಂದು ಅದೇ ಮಕ್ಕಳನ್ನು ಕೇಳಿ. ಉತ್ತರ ಹೇಳಲು ಮುಂದಿನ ಬೆಂಚಿನಿಂದಲೋ ಹಿಂದಿನ ಬೆಂಚಿನಿಂದಲೋ ಒಂದು ಕೈ ಖಂಡಿತ ಏಳುತ್ತದೆ.