ಮಾರಿದವನ ಹೊಣೆ

ಕತ್ತಿಯನ್ನು ಮಾರಿದವನು ಕೊಲೆಗೆ ಹೊಣೆಗಾರನೆ? ಕೊಳ್ಳುವವನ ಉದ್ದೇಶವನ್ನರಿಯದವನು ನಿರ್ದೋಷಿಯೆಂಬುದು ಲೋಕನ್ಯಾಯ. ಅರಿತು ಮಾರಿದವನಿಗೆ ಆ ನ್ಯಾಯವು ಸಲ್ಲದು.

ಫ್ರಾನ್ಸಿನ ಅಮೆಸಿಸ್ ಎಂಬ ಸಂಸ್ಥೆಯು 2007ರಲ್ಲಿ ಒಪ್ಪಂದ ಮಾಡಿಕೊಂಡು, ಪ್ರಜೆಗಳ ಇಂಟರ್‌ನೆಟ್ ಪತ್ರಗಳನ್ನು ಗುಟ್ಟಾಗಿ ಓದುವ ಯಂತ್ರವ್ಯವಸ್ಥೆಯನ್ನು ಲಿಬಿಯಾದ ಗದ್ದಾಫಿಯ ಸರ್ಕಾರಕ್ಕೆ ಮಾರಿತು. ವಿರೋಧಿಗಳನ್ನು ಸೆರೆಯಲ್ಲಿಟ್ಟು ಹಿಂಸಿಸುವುದು ಆ ಆಳ್ವಿಕೆಯ ರೀತಿಯೆಂಬುದು ಆಗಲೇ ಜಗತ್ತಿಗೆ ತಿಳಿದಿತ್ತು. 2011ರಲ್ಲಿ ಆ ಸರ್ಕಾರವು ಉರುಳಿದಾಗ ಗುಟ್ಟು ಟ್ರಿಪೋಲಿಯಲ್ಲಿ ಬಯಲಾಯಿತು. 2021ರಲ್ಲಿ ಪ್ಯಾರಿಸ್ಸಿನ ನ್ಯಾಯಾಧೀಶರು, ಆ ಸಂಸ್ಥೆಯನ್ನು ನಡೆಸಿದ್ದವರ ಮೇಲೆ ಚಿತ್ರಹಿಂಸೆಗೆ ನೆರವಾದ ಆರೋಪವನ್ನು ಹೊರಿಸಿದರು.

ತೀರ್ಪು ನ್ಯಾಯಾಲಯಕ್ಕೆ ಬಿಟ್ಟುದು. ಆದರೆ ಯಂತ್ರವು ನಿರ್ಜೀವ, ಪಾಪವು ಬಳಸಿದವನದು ಎಂಬ ಸಮಾಧಾನವನ್ನು ಒಪ್ಪಲಾಗದು. ಅರಿವು ಯಂತ್ರಕ್ಕಿಲ್ಲ, ಮನುಷ್ಯನಿಗುಂಟು. ಕೊಳ್ಳುವವನ ಕೈ ಯಾರ ಮೇಲೆ ಏಳುವುದೆಂದು ಬಲ್ಲ ಗೃಹಸ್ಥನು ಆ ಲಾಭವನ್ನು ತೊರೆಯತಕ್ಕದ್ದು. ಕಾಯಕದ ಶುದ್ಧಿಯು ಅಲ್ಲಿದೆ.