ಅಡಿಗೆಯ ಒಡೆತನ

ಹೊಲಕ್ಕೆ ಒಡೆಯನುಂಟು, ಮನೆಗೆ ಒಡೆಯನುಂಟು, ಅಡಿಗೆಗೆ ಒಡೆಯನುಂಟೇ? ಉಂಡವನದೇ ಅಡಿಗೆ ಎನ್ನುವುದು ಹಸಿದವನ ನ್ಯಾಯ. ಮೊದಲು ಮಾಡಿದವನದು ಎನ್ನುವುದು ಪಂಡಿತರ ನ್ಯಾಯ. ಈ ಎರಡು ನ್ಯಾಯಗಳನ್ನೂ ಒಲೆಯ ಮೇಲಿಟ್ಟು ನೋಡುವ ಪ್ರಸಂಗವೊಂದು ಈಚೆಗೆ ನನಗೆ ಒದಗಿತು.

ಉಕ್ರೇನ್ ದೇಶದ ಬೋರ್ಶ್ ಎಂಬ ಸಾರಿನ ಹೆಸರನ್ನು ಓದುಗರು ಕೇಳಿರಬಹುದು. ಬೀಟ್‌ರೂಟಿನಿಂದ ಕೆಂಪಾಗಿ, ಕೋಬಿಯಿಂದ ಗಟ್ಟಿಯಾಗಿ, ಹುಳಿಯಿಂದ ರುಚಿಗೊಳ್ಳುವ ಸಾರು ಅದು. ಪೋಲಂಡಿನವರೂ ರಶಿಯದವರೂ ತಂತಮ್ಮ ರೀತಿಯಲ್ಲಿ ಅದನ್ನು ಕುದಿಸುತ್ತಾರೆ. 2022ರ ಫೆಬ್ರುವರಿಯಲ್ಲಿ ರಶಿಯದ ಸೈನ್ಯ ಉಕ್ರೇನಿನೊಳಗೆ ನುಗ್ಗಿತು. ಅದೇ ವರ್ಷ ಜುಲೈ 1ರಂದು ಯುನೆಸ್ಕೊ ಸಂಸ್ಥೆಯು ಉಕ್ರೇನಿನ ಬೋರ್ಶ್ ಅಡಿಗೆಯ ಸಂಸ್ಕೃತಿಯನ್ನು, ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಯಲ್ಲಿ ಸೇರಿಸಿತು. ಸಾರಿಗೂ ರಕ್ಷಣೆ ಬೇಕಾದ ಕಾಲ ಬಂತು ನೋಡಿ!

ನವನಗರದ ನಮ್ಮ ಮನೆಯಲ್ಲಿ ಇದನ್ನು ಮಾಡಲು ಬಹುದೂರ ಹುಡುಕಬೇಕಾಗಲಿಲ್ಲ. ಬೀಟ್‌ರೂಟು, ಗಜ್ಜರಿ, ಬಟಾಟಿ, ಉಳ್ಳಾಗಡ್ಡಿ, ಕೋಬಿ ಎಲ್ಲವೂ ಹುಬ್ಬಳ್ಳಿಯ ಕಾಯಿಪಲ್ಲೆ ಪೇಟೆಯಲ್ಲಿ ದೊರೆತವು. ಕೊನೆಗೆ ಮೇಲೆ ಉದುರಿಸುವ ಸೊಪ್ಪು ಯಾವುದೆಂದು ವಿಚಾರಿಸಿದರೆ, ಅದು ನಮ್ಮ ಸಬ್ಬಸಿಗೆಯೇ! ಮಾಂಸದ ರಸದಲ್ಲಿ ಕುದಿಸುವುದು ಅಲ್ಲಿಯ ಸಾಮಾನ್ಯ ರೂಢಿ. ಆದರೆ ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ಮಾಂಸವಿಲ್ಲದ ಬೋರ್ಶನ್ನು ಉಣ್ಣುವ ಪದ್ಧತಿಯೂ ಅವರಲ್ಲಿದೆ. ನಾವು ಆ ದಾರಿ ಹಿಡಿದೆವು. ಬೀಟ್‌ರೂಟನ್ನು ಬೇರೆಯಾಗಿ ಎಣ್ಣೆಯಲ್ಲಿ ಬಾಡಿಸುವಾಗಲೇ ಕೊಂಚ ಹುಳಿ ಬೆರೆಸಬೇಕು. ಇಲ್ಲವಾದರೆ ಕುದಿಯುತ್ತ ಅದರ ಕೆಂಪು ಮಾಸುತ್ತದೆ. ಕೋಬಿಯನ್ನು ಕಡೆಗೆ ಹಾಕಬೇಕು. ಅದು ಹಲ್ಲಿಗೆ ಸಿಗುವಂತಿರಬೇಕು. ಬೀಟ್‌ರೂಟನ್ನು ಹುದುಗಿಸಿದ ಹುಳಿನೀರಿನ ಬದಲು ನಾವು ಹುಣಸೆಯ ರಸ ಬಳಸಿದೆವು. ಹುಳಿಬರಿಸಿದ ಕೆನೆಯ ಬದಲು ಗಟ್ಟಿ ಮೊಸರು ತೆಗೆದಿಟ್ಟೆವು. ಆಗ ನನ್ನ ಹೆಂಡತಿ ಸಾಸಿವೆಯ ಡಬ್ಬಿಗೆ ಕೈ ಹಾಕಿ ಕೇಳಿದಳು: “ಹುಣಸಿಹಣ್ಣು ಹಾಕಿದ್ವಿ, ಮ್ಯಾಲೆ ಮಸರು ಹಾಕ್ಕೋತೀವಿ. ಇನ್ನ ವಗ್ಗರಣಿನೂ ಕೊಟ್ರ ಇದು ಯಾರ ಸಾರು ಆಗ್ತದ್ರಿ?”

ಇಷ್ಟು ನೇರವಾದ ತತ್ತ್ವಪ್ರಶ್ನೆಯನ್ನು ನನ್ನ ತರಗತಿಯಲ್ಲಿ ಯಾವ ವಿದ್ಯಾರ್ಥಿಯೂ ಕೇಳಿದ್ದಿಲ್ಲ.

ಮೂಲವನ್ನು ಹುಡುಕಿ ಉತ್ತರ ಹೇಳೋಣವೆಂದರೆ ಮೂಲವೇ ಜಾರುತ್ತದೆ. ಬೋರ್ಶ್ ಎಂಬುದು ಬೀಟ್‌ರೂಟಿನ ಹೆಸರಲ್ಲ; ಹಿಂದೆ ಆ ಸೀಮೆಯವರು ಹುಳಿಬರಿಸಿ ಸಾರು ಮಾಡುತ್ತಿದ್ದ ಒಂದು ಕಾಡುಗಿಡದ ಹೆಸರು. ಅದರೊಳಗೆ ಈಗ ಬೀಳುವ ಬಟಾಟಿ, ಟೊಮ್ಯಾಟೊಗಳು ಅಮೇರಿಕ ಖಂಡದಿಂದ ಬಂದವು. ನಮ್ಮ ಅಭಿಮಾನದ ಬ್ಯಾಡಗಿ ಮೆಣಸಿನಕಾಯಿಯ ವಂಶವೂ ಅಲ್ಲಿಯದೇ. ಅದನ್ನು ಭಾರತಕ್ಕೆ ತಂದವರು ಪೋರ್ತುಗೀಜರು. ಇನ್ನು ಧಾರವಾಡದ ಫೇಡೆ? ಅದನ್ನು ಇಲ್ಲಿ ಮಾಡತೊಡಗಿದ ಠಾಕೂರ ಮನೆತನ ಉತ್ತರ ಪ್ರದೇಶದ ಉನ್ನಾವದಿಂದ ವಲಸೆ ಬಂದದ್ದು. ಇಂದು ಆ ಫೇಡೆಗೆ ಧಾರವಾಡದ ಹೆಸರಿನಲ್ಲಿಯೇ ಭೌಗೋಳಿಕ ಸೂಚಿಯ ಮಾನ್ಯತೆಯಿದೆ. ಅದನ್ನು ಯಾರೂ ಅನ್ಯಾಯವೆನ್ನುವುದಿಲ್ಲ.

ಹಾಗಾದರೆ ಅಡಿಗೆಗೆ ಒಡೆಯನೇ ಇಲ್ಲವೆಂದು ಕೈತೊಳೆದುಕೊಳ್ಳಬಹುದೇ? ಅಲ್ಲಿಯೇ ನನ್ನ ಮನಸ್ಸು ತಡೆಯುತ್ತದೆ. ಆ ಮಾತು ಉದಾರವಾಗಿ ಕೇಳಿಸುತ್ತದೆ, ನಿಜ. ಆದರೆ ತನ್ನ ಒಲೆ ಭದ್ರವಾಗಿರುವವನಿಗೆ ಔದಾರ್ಯ ಸುಲಭ. ಫೇಡೆ ಧಾರವಾಡದ್ದಲ್ಲವೆಂದು ಯಾರಾದರೂ ಅಂದರೆ ನಾವು ನಕ್ಕುಬಿಡುತ್ತೇವೆ. ಏಕೆಂದರೆ ಧಾರವಾಡವೇ ಇಲ್ಲವೆಂದು ಯಾರೂ ಅನ್ನುತ್ತಿಲ್ಲ. ‘ನೀವು ಬೇರೆ ಜನವೇ ಅಲ್ಲ’ ಎಂದು ಹೇಳುತ್ತ ಊರುಗಳ ಮೇಲೆ ಗುಂಡು ಸುರಿಸಿದಾಗ, ಆ ಜನ ‘ಈ ಸಾರು ನಮ್ಮದು’ ಎಂದರೆ ಅದು ಸಾರಿನ ಮಾತಲ್ಲ. ‘ನಾವಿದ್ದೇವೆ’ ಎಂಬ ಮಾತು. ಆ ಯುದ್ಧ ನಮಗೆ ದೂರದ್ದೂ ಅಲ್ಲ. 2022ರ ಮಾರ್ಚ್ 1ರಂದು ನಮ್ಮ ನೆರೆಯ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಬಲಿಯಾದ. ತಿನ್ನುವ ಸಾಮಾನು ತರಲೆಂದು ಅವನು ಹೊರಬಿದ್ದಿದ್ದ.

ನಮ್ಮ ನವನಗರದಲ್ಲಿ ರಾಜ್ಯದ ಕಾನೂನು ವಿಶ್ವವಿದ್ಯಾಲಯವಿದೆ. ಒಡೆತನದ ವ್ಯಾಜ್ಯವನ್ನು ಅಲ್ಲಿಯ ಪಂಡಿತರು ಬಿಡಿಸಲಿ. ನನಗೆ ಬೇಕಾದದ್ದು ನೀತಿ. ‘ನಮ್ಮದು’ ಎಂಬ ಮಾತಿಗೆ ‘ನಿಮ್ಮದಲ್ಲ’ ಎಂಬ ಅರ್ಥವುಂಟು, ‘ನಮ್ಮನ್ನು ಮರೆಯಬೇಡಿ’ ಎಂಬ ಅರ್ಥವೂ ಉಂಟು. ಮೊದಲನೆಯದು ಬೇಲಿ ಹಾಕುತ್ತದೆ. ಎರಡನೆಯದು ಋಣವನ್ನು ನೆನಪಿಸುತ್ತದೆ. ಯುನೆಸ್ಕೊದ ಪಟ್ಟಿಯೂ ಹಕ್ಕುಪತ್ರವಲ್ಲ, ಕಾಪಾಡುವ ಹೊಣೆ ಅಷ್ಟೆ. ಅಡಿಗೆಯನ್ನು ನಮ್ಮ ನಾಲಿಗೆಗೆ ತಕ್ಕಂತೆ ತಿದ್ದಿಕೊಳ್ಳೋಣ, ಬೇಕಾದರೆ ಒಗ್ಗರಣೆಯನ್ನೂ ಕೊಡೋಣ. ಆದರೆ ಬಡಿಸುವಾಗ ಕಲಿಸಿದವರ ಹೆಸರನ್ನು ಹೇಳಬೇಕು. ನಾವು ಬದಲಿಸಿದ್ದೇನೆಂಬುದನ್ನೂ ಮುಚ್ಚದೆ ಹೇಳಬೇಕು. ಹೆಸರಳಿಸಿ ಉಣ್ಣುವುದು ಕಳವು. ಪರರದೆಂದು ಮುಟ್ಟದೆ ದೂರವಿಡುವುದೂ ಗೌರವವಲ್ಲ.

ಧಾರವಾಡದಲ್ಲಿ ಫೇಡೆ ತಿನ್ನುವಾಗ ಉನ್ನಾವದ ಹೆಸರು ಒಮ್ಮೆ ನೆನಪಾದರೆ, ಫೇಡೆಯ ಸಿಹಿ ಕಡಿಮೆಯಾಗುವುದಿಲ್ಲ.