ಕ್ರೈಸ್ತಜೀವನದಲ್ಲಿ ಔದಾರ್ಯವೂ ನಮ್ರಸೇವೆಯೂ

'ಉದಾರ' ಎಂಬ ಶಬ್ದಕ್ಕೆ ಅಮರಸಿಂಹನು ಎರಡು ಅರ್ಥಗಳನ್ನು ಹೇಳುತ್ತಾನೆ. ಕೊಡುವವನು ಎಂಬುದೊಂದು, ದೊಡ್ಡವನು ಎಂಬುದಿನ್ನೊಂದು. ಕೋಶಕಾರನು ಲೋಕದ ಬಳಕೆಯನ್ನು ತಿಳಿಸಿದನೇ ಹೊರತು ಅದರ ಮೇಲೆ ತೀರ್ಪು ಕೊಡಲಿಲ್ಲ. ಆದರೆ ಧರ್ಮಜಿಜ್ಞಾಸುವಿಗೆ ಈ ಎರಡು ಅರ್ಥಗಳು ಒಂದೇ ಶಬ್ದದಲ್ಲಿ ಕೂಡಿರುವುದೇ ಒಂದು ಪ್ರಶ್ನೆಯಾಗಿ ತೋರುತ್ತದೆ. ಕೊಟ್ಟವನು ಕೊಟ್ಟ ಮಾತ್ರಕ್ಕೆ ದೊಡ್ಡವನಾಗುವನಾದರೆ, ಪಡೆದವನು ಪಡೆದ ಮಾತ್ರಕ್ಕೆ ಚಿಕ್ಕವನಾಗಬೇಕಷ್ಟೆ. ಹಸಿದವನ ಮುಂದೆ ಅನ್ನವಿಟ್ಟು, ಅದೇ ತುತ್ತಿನೊಡನೆ ಅವನ ಮಾನವನ್ನು ತೆಗೆದುಕೊಂಡರೆ ಅದೆಂತಹ ಔದಾರ್ಯ? ಕೊಟ್ಟೂ ದೊಡ್ಡವನಾಗದೆ ಉಳಿಯುವುದು ಮನುಷ್ಯನಿಗೆ ಸಾಧ್ಯವೆ? ದಾನಕ್ಕೂ ದಾಸೋಹಕ್ಕೂ ಇರುವ ಭೇದವನ್ನು ಬಲ್ಲ ಸದ್ಭಕ್ತರಿಗೆ ಈ ಪ್ರಶ್ನೆ ಹೊಸದೇನೂ ಅಲ್ಲ. ಇದನ್ನೇ ಕ್ರೈಸ್ತಮತವು ತನ್ನದೇ ಆದ ರೀತಿಯಲ್ಲಿ ಎದುರಿಸಿದೆ. ಕೆಲವೆಡೆ ಗೆದ್ದಿದೆ, ಕೆಲವೆಡೆ ಸೋತಿದೆ. ಆ ಗೆಲುವಿನಷ್ಟೇ ಆ ಸೋಲೂ ವಿಚಾರಾರ್ಹವಾದುದು.

ಕ್ರೈಸ್ತರ ಸೇವಾಧರ್ಮಕ್ಕೆ ಮೂಲವೆನ್ನಬಹುದಾದ ಪ್ರಸಂಗವು ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿದೆ. ಪ್ಯಾಲೆಸ್ಟೈನ್ ದೇಶದ ದಾರಿಗಳು ಧೂಳಿನ ದಾರಿಗಳು. ಜನ ನಡೆಯುತ್ತಿದ್ದುದು ತೆರೆದ ಚಪ್ಪಲಿಗಳಲ್ಲಿ. ಮನೆಗೆ ಬಂದ ಅತಿಥಿಯ ಕಾಲಿಗೆ ನೀರು ಕೊಡುವುದು ಅಲ್ಲಿಯೂ ಸತ್ಕಾರದ ಮೊದಲ ಅಂಗವಾಗಿತ್ತು. ಆದರೆ ಬಾಗಿ ಕುಳಿತು ಆ ಕಾಲನ್ನು ಕೈಯಿಂದ ತೊಳೆಯುವ ಕೆಲಸ ಮನೆಯ ಗುಲಾಮನದು. ಯೇಸುವು ತನ್ನ ಹನ್ನೆರಡು ಮಂದಿ ಶಿಷ್ಯರೊಡನೆ ಕೊನೆಯ ಸಲ ಊಟಕ್ಕೆ ಕುಳಿತ ರಾತ್ರಿ ಆ ಮನೆಯಲ್ಲಿ ಗುಲಾಮನಿರಲಿಲ್ಲವೆಂದು ತೋರುತ್ತದೆ. ಶಿಷ್ಯರಲ್ಲಿ ಒಬ್ಬನೂ ಆ ಕೆಲಸಕ್ಕೆ ಏಳಲಿಲ್ಲ. ತಮ್ಮಲ್ಲಿ ದೊಡ್ಡವನು ಯಾರು ಎಂಬ ಜಗಳ ಅದೇ ಊಟದ ಹೊತ್ತಿನಲ್ಲಿ ಅವರೊಳಗೆ ನಡೆದಿತ್ತೆಂದು ಲೂಕನು ಬರೆದಿದ್ದಾನೆ. ಇಂತಹ ಜಗಳದ ನಡುವೆ ನೀರಿನ ಬೋಗುಣಿಯ ಕಡೆಗೆ ಕೈ ನೀಡುವವರಾರು? ನೀಡಿದವನು ತಾನೇ ಚಿಕ್ಕವನೆಂದು ಒಪ್ಪಿಕೊಂಡಂತಾಗುತ್ತಿತ್ತು.

ಆಗ ಗುರುವೇ ಊಟದಿಂದೆದ್ದನು. ಮೇಲುಡುಗೆಯನ್ನು ತೆಗೆದಿಟ್ಟು, ಸೊಂಟಕ್ಕೆ ಒಂದು ವಸ್ತ್ರವನ್ನು ಕಟ್ಟಿಕೊಂಡು, ಬೋಗುಣಿಗೆ ನೀರು ಸುರಿದು, ಒಬ್ಬೊಬ್ಬರ ಪಾದವನ್ನೂ ತೊಳೆದು ಆ ವಸ್ತ್ರದಿಂದಲೇ ಒರೆಸಿದನು. ಇಲ್ಲಿ ಸುವಾರ್ತಾಕಾರನು ಹೇಳುವ ಒಂದು ಸೂಕ್ಷ್ಮವನ್ನು ಮರೆಯಬಾರದು. ಸಮಸ್ತವೂ ತನ್ನ ಕೈಗೆ ಒಪ್ಪಿಸಲ್ಪಟ್ಟಿದೆ, ತಾನು ದೇವರ ಬಳಿಯಿಂದ ಬಂದವನು ಎಂಬುದನ್ನು ತಿಳಿದೇ ಯೇಸುವು ಹಾಗೆ ಮಾಡಿದನಂತೆ. ತನ್ನ ದೊಡ್ಡತನವನ್ನು ಅರಿಯದೆ ಬಾಗಿದ್ದಲ್ಲ, ಅರಿತೇ ಬಾಗಿದ್ದು. ಬಲವಿಲ್ಲದವನು ಬಾಗುವುದು ನಿರ್ವಾಹವಿಲ್ಲದೆ. ಅಂಜಿ ಬಾಗುವುದನ್ನೂ ಆಸೆಯಿಂದ ಬಾಗುವುದನ್ನೂ ಲೋಕವು ಎಷ್ಟೋ ಸಲ ವಿನಯವೆಂದು ಕರೆದು ಮೋಸಹೋಗುತ್ತದೆ.

ಪೇತ್ರನೆಂಬ ಶಿಷ್ಯನ ಸರದಿ ಬಂದಾಗ ಅವನು ಕಾಲು ಹಿಂದಕ್ಕೆಳೆದುಕೊಂಡನು. ಗುರುವು ಶಿಷ್ಯನ ಕಾಲು ತೊಳೆಯುವುದೇ, ಎಂದೆಂದಿಗೂ ಆಗದು ಎಂದು ಹಟ ಹಿಡಿದನು. ಮೇಲುನೋಟಕ್ಕೆ ಇದು ಗುರುಭಕ್ತಿಯೇ ಸರಿ. ಆದರೆ ಇದರ ಬುಡದಲ್ಲಿ ಬೇರೆ ಬೇರೊಂದಿದೆ. ಗುರುವು ಮೇಲೆಯೇ ಇದ್ದರೆ ಶಿಷ್ಯನಿಗೂ ಒಂದು ಮೆಟ್ಟಿಲು ಭದ್ರವಾಗಿರುತ್ತದೆ. ಆತನೇ ಕೆಳಗಿಳಿದು ನೆಲದ ಮೇಲೆ ಕುಳಿತರೆ ಶಿಷ್ಯನು ಇನ್ನೆಲ್ಲಿ ನಿಲ್ಲಬೇಕು? ಇನ್ನೊಬ್ಬನಿಂದ ಸೇವೆಯನ್ನು ಸಂಕೋಚವಿಲ್ಲದೆ ಪಡೆಯುವುದಕ್ಕೂ ಒಂದು ವಿನಯ ಬೇಕು. ಕೊಡುವುದಕ್ಕೆ ಬೇಕಾದ ವಿನಯಕ್ಕಿಂತ ಅದು ಕಷ್ಟತರವಾದುದು. ಜೀವಮಾನವೆಲ್ಲ ಊರಿಗೆ ಕೊಟ್ಟ ಮನುಷ್ಯನು ಮುಪ್ಪಿನಲ್ಲಿ ಸೊಸೆಯ ಕೈಯಿಂದ ಒಂದು ಲೋಟ ನೀರು ಪಡೆಯಲು ಸಿಡಿಮಿಡಿಗೊಳ್ಳುವುದನ್ನು ಯಾವ ಮನೆಯಲ್ಲಿ ಕಾಣುವುದಿಲ್ಲ? ತೊಳೆಯಗೊಡದಿದ್ದರೆ ತನ್ನೊಡನೆ ಪಾಲಿಲ್ಲವೆಂದು ಯೇಸುವು ಹೇಳಿದ ಮೇಲೆ ಪೇತ್ರನು ಒಮ್ಮೆಗೇ ಕರಗಿ, ಹಾಗಾದರೆ ಕೈಯನ್ನೂ ತಲೆಯನ್ನೂ ತೊಳೆಯೆಂದು ಬೇಡಿದನು. ಪಾಪ, ಅವನ ಸ್ವಭಾವವೇ ಅಂತಹುದು.

ಇನ್ನೊಂದು ಸಂಗತಿಯನ್ನು ಓದುಗರು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ಆ ಹನ್ನೆರಡು ಜೊತೆ ಪಾದಗಳಲ್ಲಿ ಯೂದನ ಪಾದಗಳೂ ಇದ್ದವು. ಅದೇ ರಾತ್ರಿ ಗುರುವನ್ನು ಹಗೆಗಳಿಗೆ ಹಿಡಿದುಕೊಡುವುದಕ್ಕಾಗಿ ಅವನು ಹೊರಗೆ ಹೋದದ್ದು ಪಾದ ತೊಳೆಸಿಕೊಂಡ ಮೇಲೆಯೇ. ಅವನ ಮನಸ್ಸಿನಲ್ಲಿದ್ದುದು ಯೇಸುವಿಗೆ ತಿಳಿದಿತ್ತೆಂದೂ ಗ್ರಂಥವು ಹೇಳುತ್ತದೆ. ಆದರೂ ಬೋಗುಣಿ ಅವನನ್ನು ಬಿಟ್ಟು ಮುಂದಕ್ಕೆ ಸರಿಯಲಿಲ್ಲ. ಪಾತ್ರಾಪಾತ್ರವಿವೇಚನೆ ದಾನದ ಅಂಗವೆಂದು ಧರ್ಮಶಾಸ್ತ್ರಗಳು ವಿಧಿಸಿವೆ. ಸಂಸಾರಿಗೆ ಅದು ಬೇಕಾದುದೇ. ಇಲ್ಲಿ ಮಾತ್ರ ಪಾತ್ರವಿಚಾರವೇ ಬಿದ್ದುಹೋಗಿದೆ. ಮಾಡಿದ ಸೇವೆಯಿಂದ ಯೂದನು ತಿದ್ದಲಿಲ್ಲ, ಯೇಸುವಿಗೆ ಉಪಕಾರವೂ ಆಗಲಿಲ್ಲ. ಫಲವಿಲ್ಲದ ಈ ಸೇವೆ ವ್ಯರ್ಥವೋ ಶುದ್ಧವೋ ಎಂಬ ಪ್ರಶ್ನೆಗೆ ಬೇಗ ಉತ್ತರ ಕೊಡುವವರು ಬಹುಶಃ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡಿರಲಾರರು.

ಮೊದಲಿನ ಕ್ರೈಸ್ತರು ಸೇವೆಗೆ ಬಳಸಿದ ಗ್ರೀಕ್ ಶಬ್ದ 'ದಿಯಾಕೊನಿಯ'. ಊಟದ ಪಂಕ್ತಿಯಲ್ಲಿ ಬಡಿಸುವವನ ಕೆಲಸಕ್ಕೆ ಸಲ್ಲುತ್ತಿದ್ದ ಮಾತು ಅದು. ಜೆರೂಸಲೇಮಿನ ಸಭೆಯಲ್ಲಿ ದಿನದ ಆಹಾರ ಹಂಚುವಾಗ ಗ್ರೀಕ್ ಭಾಷೆಯ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆಂದು ಗೊಣಗಾಟ ಹುಟ್ಟಿದ್ದರಿಂದ, ಅದಕ್ಕಾಗಿಯೇ ಏಳು ಮಂದಿಯನ್ನು ನೇಮಿಸಿದರು. ಅನ್ನದ ಮನೆಯ ಜಗಳ ಎಲ್ಲ ಧರ್ಮಗಳಿಗೂ ಸಮಾನ!

ಈಗ ಸೋಲಿನ ಕಥೆ. ಪಾದ ತೊಳೆದ ಆ ರಾತ್ರಿಯ ನೆನಪಿಗಾಗಿ ಈಸ್ಟರ್ ಹಬ್ಬಕ್ಕೆ ಮುಂಚಿನ ಗುರುವಾರ ಪಾದಕ್ಷಾಲನದ ವಿಧಿಯೊಂದು ಪಶ್ಚಿಮ ದೇಶಗಳಲ್ಲಿ ಬೆಳೆದು ಬಂದಿತು. ಇಂಗ್ಲೆಂಡಿನಲ್ಲಿ ರಾಜರಾಣಿಯರೇ ಬಡವರ ಕಾಲು ತೊಳೆಯುತ್ತಿದ್ದರು. ಮೊದಲನೆಯ ಎಲಿಜಬೆತ್ ರಾಣಿ ತೊಳೆದ ವಿಧಾನದ ವರ್ಣನೆ ಉಳಿದಿದೆ. ಬಡ ಹೆಂಗಸರ ಪಾದಗಳನ್ನು ಮೊದಲು ಅರಮನೆಯ ಅಗಸರು ಬಿಸಿನೀರಿನಿಂದ ತೊಳೆಯಬೇಕು, ಆಮೇಲೆ ದಾನಾಧಿಕಾರಿಯ ಸಹಾಯಕನು, ಆಮೇಲೆ ದಾನಾಧಿಕಾರಿಯು. ಹೀಗೆ ಮೂರು ಸಲ ತೊಳೆದು ಶುದ್ಧವಾದ ಪಾದಗಳನ್ನು ಕಡೆಗೆ ರಾಣಿಯು ಮೆತ್ತೆಯ ಮೇಲೆ ಮೊಣಕಾಲೂರಿ ತೊಳೆಯುವಳು. ಕೊಳೆಯಿಲ್ಲದ ಕಾಲನ್ನು ತೊಳೆಯುವುದರಲ್ಲಿ ವಿಧಿ ಉಳಿಯಿತು, ಸೇವೆ ಜಾರಿತು. 1685ರಿಂದ 1688ರವರೆಗೆ ಆಳಿದ ಎರಡನೆಯ ಜೇಮ್ಸ್ ಸ್ವತಃ ಕಾಲು ತೊಳೆದ ಕೊನೆಯ ಅರಸನೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅನಂತರ ನೀರೂ ಹೋಗಿ ನಾಣ್ಯ ಮಾತ್ರ ನಿಂತಿತು. ಇಂದಿಗೂ ಆ ದಿನ ಅರಸನ ವಯಸ್ಸೆಷ್ಟೋ ಅಷ್ಟು ಗಂಡಸರಿಗೂ ಅಷ್ಟೇ ಹೆಂಗಸರಿಗೂ ವಿಶೇಷವಾಗಿ ಅಚ್ಚುಹಾಕಿದ ಬೆಳ್ಳಿಯ ನಾಣ್ಯಗಳ ಚೀಲ ಸಲ್ಲುತ್ತದೆ. 2023ರಲ್ಲಿ ಯಾರ್ಕ್ ನಗರದ ದೊಡ್ಡ ದೇವಾಲಯದಲ್ಲಿ ಮೂರನೆಯ ಚಾರ್ಲ್ಸ್ ಅರಸನು 74 ಗಂಡಸರಿಗೂ 74 ಹೆಂಗಸರಿಗೂ ಕೊಟ್ಟನು. ದಾನಾಧಿಕಾರಿಗಳು ಈಗಲೂ ಸೊಂಟಕ್ಕೆ ನಾರುಬಟ್ಟೆಯ ವಸ್ತ್ರವನ್ನು ಕಟ್ಟಿಕೊಂಡೇ ನಿಲ್ಲುತ್ತಾರೆ. ಒರೆಸುವ ವಸ್ತ್ರವಿದೆ, ಒರೆಸಲು ಒದ್ದೆ ಪಾದವಿಲ್ಲ.

ಇದನ್ನು ಹೇಳಿ ನಗುವುದು ಸುಲಭ. ಆದರೆ ಜಾತ್ರೆಯ ದಿನ ಸಾವಿರ ಜನಕ್ಕೆ ಬಡಿಸಲು ಸೊಂಟ ಕಟ್ಟಿ ನಿಲ್ಲುವ ಯಜಮಾನನು ಎಂಜಲೆಲೆ ತೆಗೆಯುವ ಹೊತ್ತಿಗೆ ಎಲ್ಲಿರುತ್ತಾನೆಂಬುದನ್ನೂ ನೋಡಬೇಕಾಗುತ್ತದೆ. ಬಡಿಸುವ ಕೈಗೆ ಪುಣ್ಯವೂ ಉಂಟು, ನೋಡುವವರೂ ಉಂಟು. ಎಲೆ ತೆಗೆಯುವ ಕೈಗೆ ಕೂಲಿ ಮಾತ್ರ. ರೋಮಿನ ಮಠಾಧಿಪತ್ಯಕ್ಕೆ 2013ರಲ್ಲಿ ಬಂದ ಪೋಪ್ ಫ್ರಾನ್ಸಿಸರು ಆ ವರ್ಷದ ಗುರುವಾರ ದೊಡ್ಡ ದೇವಾಲಯವನ್ನು ಬಿಟ್ಟು, ಎಳೆಯ ಅಪರಾಧಿಗಳ ಸೆರೆಮನೆಗೆ ಹೋಗಿ ಹನ್ನೆರಡು ಮಂದಿಯ ಪಾದ ತೊಳೆದರು. ಅವರಲ್ಲಿ ಇಬ್ಬರು ಹೆಣ್ಣುಮಕ್ಕಳು, ಮುಸಲ್ಮಾನರೂ ಇದ್ದರು. ಸಂಪ್ರದಾಯಸ್ಥರಲ್ಲಿ ಹಲವರು ಆಕ್ಷೇಪಿಸಿದರು. ಒಣಗಿದ ವಿಧಿಗೆ ಮತ್ತೆ ನೀರೆರೆದರೆ ಯಾರಿಗಾದರೂ ಕಿರಿಕಿರಿಯಾಗದೆ ಇರುವುದಿಲ್ಲ.

ಔದಾರ್ಯದ ಅಳತೆಯ ವಿಷಯದಲ್ಲಿ ಕ್ರೈಸ್ತರು ನೆನೆಯುವ ಕಥೆ ಒಬ್ಬ ಬಡ ವಿಧವೆಯದು. ದೇವಾಲಯದ ಕಾಣಿಕೆಯ ಪೆಟ್ಟಿಗೆಗೆ ಶ್ರೀಮಂತರು ಬಹಳ ಹಣ ಹಾಕಿದರು. ಅವಳು ಹಾಕಿದ್ದು ಅತಿ ಸಣ್ಣ ನಾಣ್ಯಗಳೆರಡು. ಯೇಸುವು ಅವಳದೇ ಹೆಚ್ಚೆಂದನು. ಹಾಕಿದುದನ್ನಲ್ಲ, ಹಾಕಿದ ಮೇಲೆ ಕೈಯಲ್ಲಿ ಉಳಿದುದನ್ನು ನೋಡಿ ಆತನು ಎಣಿಸಿದನು. ಈ ಲೆಕ್ಕವನ್ನು ಒಪ್ಪಿದರೆ ದಾನಶಾಸನಗಳಲ್ಲಿ ಬಹಳಷ್ಟನ್ನು ಮತ್ತೆ ಕೆತ್ತಬೇಕಾದೀತು.

ಕೈಯಲ್ಲಿ ಏನನ್ನೂ ಉಳಿಸಿಕೊಳ್ಳದೆ ಕೊಟ್ಟವರಲ್ಲಿ ಒಬ್ಬರ ಚರಿತ್ರೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಯುಕ್ತ. ಬೆಲ್ಜಿಯಂ ದೇಶದ ಟ್ರೆಮೆಲೊ ಎಂಬ ಹಳ್ಳಿಯಲ್ಲಿ 1840ರಲ್ಲಿ ಹುಟ್ಟಿದ ಜೋಸೆಫ್ ಡಿ ವ್ಯೂಸ್ಟರ್ ಸಂನ್ಯಾಸ ಸ್ವೀಕರಿಸಿ ಡಾಮಿಯನ್ ಎಂಬ ಹೆಸರು ಪಡೆದರು. ಹವಾಯಿ ದ್ವೀಪಗಳಿಗೆ ಹೋಗಬೇಕಾಗಿದ್ದವರು ಅವರ ಅಣ್ಣ. ಅಣ್ಣನು ಕಾಯಿಲೆ ಬಿದ್ದುದರಿಂದ ತಮ್ಮನು ಹೊರಟು 1864ರಲ್ಲಿ ಹೊನಲೂಲು ಸೇರಿದನು. ಆ ರಾಜ್ಯದಲ್ಲಿ ಆಗ ಕುಷ್ಠರೋಗ ಹರಡಿತ್ತು. 1865ರ ಶಾಸನದಂತೆ ರೋಗಿಗಳನ್ನು ಹಿಡಿದು, 1866ರಿಂದ ಮೊಲೊಕಾಯ್ ದ್ವೀಪದ ಒಂದು ಭೂಶಿರಕ್ಕೆ ಸಾಗಿಸತೊಡಗಿದರು. ಅದರ ಮೂರು ಕಡೆ ಕಡಲು. ನಾಲ್ಕನೆಯ ಕಡೆ ಸುಮಾರು 2000 ಅಡಿಯ ಕಡಿದಾದ ಬಂಡೆಗೋಡೆ. ಗಂಡನಿಂದ ಹೆಂಡತಿಯನ್ನೂ ತಾಯಿಯಿಂದ ಮಗುವನ್ನೂ ಅಗಲಿಸಿ ಅಲ್ಲಿ ಇಳಿಸುತ್ತಿದ್ದರು. ಹೋದವರು ಮರಳುವಂತಿರಲಿಲ್ಲ. ಸರಕಾರವು ಆಹಾರ ಕಳುಹಿಸುತ್ತಿತ್ತು, ಉದಾರಿಗಳು ಬಟ್ಟೆ ಕಳುಹಿಸುತ್ತಿದ್ದರು. ಎಲ್ಲರೂ ಕೊಡುತ್ತಿದ್ದರು, ಬಳಿಗೆ ಬರುವವರು ವಿರಳ.

1873ರ ಮೇ 10ರಂದು ಡಾಮಿಯನ್ನರು ಅಲ್ಲಿಗೆ ಬಂದಿಳಿದರು. ಪಾದ್ರಿಗಳು ಸರದಿಯಂತೆ ಕೆಲವು ತಿಂಗಳು ಇದ್ದು ಬರಬೇಕೆಂಬುದು ಮೊದಲಿನ ಏರ್ಪಾಡು. ಅವರು ತಾವೇ ಅಲ್ಲಿ ಉಳಿಯುವೆವೆಂದು ಬೇಡಿದರು. ಮೊದಲ ರಾತ್ರಿಗಳನ್ನು ಕೇದಗೆಯ ಜಾತಿಯ ಒಂದು ಮರದ ಬುಡದಲ್ಲಿ ಕಳೆದರೆಂದು ಹೇಳುತ್ತಾರೆ. ಹುಣ್ಣು ತೊಳೆದು ಕಟ್ಟಿದರು, ಮನೆ ಕಟ್ಟಿದರು, ಬೆಟ್ಟದಿಂದ ಕೊಳವೆಯಲ್ಲಿ ನೀರು ತರಿಸಿದರು, ಶವಪೆಟ್ಟಿಗೆಗಳನ್ನು ತಾವೇ ಮಾಡಿ ಗುಂಡಿಯನ್ನೂ ತಾವೇ ತೋಡಿದರು. ರೋಗಿಗಳ ಗುಡಿಸಿಲಿನ ದುರ್ವಾಸನೆ ತಾಳಲಾರದೆ ಅವರು ಹೊಗೆಸೊಪ್ಪು ಸೇದುವುದನ್ನು ಕಲಿತರೆಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಹೇಸಿಕೆಯೇ ಇಲ್ಲದವನ ಸೇವೆಗಿಂತ ಹೇಸಿಕೆಯನ್ನು ಗೆದ್ದವನ ಸೇವೆ ಮೇಲು. ಬರಬರುತ್ತ ಅವರು ರೋಗಿಗಳೊಡನೆ ಒಂದೇ ಬಟ್ಟಲಿನಲ್ಲಿ ಉಂಡರು.

1884ರ ಕೊನೆಯಲ್ಲಿ ಒಂದು ದಿನ ಅವರು ದಣಿದ ಕಾಲನ್ನು ನೀರಿನಲ್ಲಿಟ್ಟರು. ನೀರು ಕುದಿಯುವಂತಿತ್ತು, ಚರ್ಮ ಬೆಂದು ಬೊಬ್ಬೆಯೆದ್ದಿತು, ನೋವು ಮಾತ್ರ ತಿಳಿಯಲಿಲ್ಲ. ರೋಗವು ತಮಗೂ ಬಂದಿದೆಯೆಂಬುದು ಆಗ ನಿಸ್ಸಂದೇಹವಾಯಿತು. ಅಲ್ಲಿಯವರೆಗೆ ಎಷ್ಟೇ ಬಾಗಿದರೂ ಅವರು ಕೊಡುವವರೇ ಆಗಿದ್ದರು. ಬಂಡೆಯ ಹಾದಿ ಹತ್ತಿ ಹಿಂದಿರುಗುವ ಸ್ವಾತಂತ್ರ್ಯ ಅವರಿಗಿತ್ತು, ಉಳಿದವರಿಗಿರಲಿಲ್ಲ. ಆ ಕೊನೆಯ ಅಂತರವು ಒಂದು ಪಾತ್ರೆಯ ನೀರಿನಲ್ಲಿ ಅಳಿಸಿಹೋಯಿತು.

ಆಕ್ಷೇಪಗಳಿಲ್ಲವೆ? ಇವೆ. ರೋಗ ತಗಲುವಂತೆ ಬಾಳುವುದು ಅವಿವೇಕವಲ್ಲವೆ ಎಂಬುದೊಂದು. ಇದಕ್ಕೆ ಉತ್ತರವಾಗಿ ಮೇರಿಯನ್ ಕೋಪ್ ಎಂಬ ಸಂನ್ಯಾಸಿನಿಯ ನಡೆಯನ್ನು ನೋಡಬಹುದು. 1888ರಲ್ಲಿ ಅದೇ ಮೊಲೊಕಾಯಿಗೆ ಬಂದು 1918ರಲ್ಲಿ ಅಲ್ಲಿಯೇ ತೀರಿಕೊಂಡ ಆಕೆ, ಕೈ ತೊಳೆಯುವ ನಿಯಮವನ್ನು ಕಟ್ಟುನಿಟ್ಟಾಗಿ ನಡೆಸಿದಳು. ಅವಳ ಜೊತೆಯ ಸಂನ್ಯಾಸಿನಿಯರಲ್ಲಿ ಒಬ್ಬರಿಗೂ ರೋಗ ತಗಲಲಿಲ್ಲ. ಎಚ್ಚರವು ವಿನಯಕ್ಕೆ ವಿರೋಧಿಯಲ್ಲ. ಇಂದು ಔಷಧದಿಂದ ವಾಸಿಯಾಗುವ ಈ ರೋಗದ ಸೂಕ್ಷ್ಮಜೀವಿಯನ್ನು ನಾರ್ವೆಯ ಹಾನ್ಸೆನ್ ಎಂಬ ವೈದ್ಯನು ಕಂಡದ್ದು 1873ರಲ್ಲಿ, ಡಾಮಿಯನ್ನರು ದ್ವೀಪಕ್ಕಿಳಿದ ವರ್ಷದಲ್ಲಿಯೇ. ಡಾಮಿಯನ್ನರು ಒರಟರು, ಹಟಮಾರಿ, ಕೊಳಕರು ಎಂದು ಹೊನಲೂಲುವಿನ ಬೇರೊಂದು ಪಂಥದ ಪಾದ್ರಿ ಹೈಡ್ ಬರೆದುದುಂಟು. ಅದಕ್ಕೆ 1890ರಲ್ಲಿ ಸ್ಕಾಟ್ಲೆಂಡಿನ ಸಾಹಿತಿ ಸ್ಟೀವನ್‌ಸನ್ ಉತ್ತರವಿತ್ತನು; ಆ ದೋಷಗಳಲ್ಲಿ ಕೆಲವನ್ನು ಒಪ್ಪಿಕೊಂಡೇ, ದೋಷ ಹುಡುಕಿದವನು ಸುಖವಾದ ಮನೆಯಲ್ಲಿ ಕುಳಿತಿದ್ದಾಗ ಆ ಒರಟನು ಎಲ್ಲಿದ್ದನೆಂದು ಕೇಳಿದನು.

ಮೂರನೆಯ ಆಕ್ಷೇಪವು ಹೆಚ್ಚು ಗುರುತರವಾದುದು. ಸೇವೆಯ ಹಿಂದೆ ಮತಕ್ಕೆ ಸೇರಿಸಿಕೊಳ್ಳುವ ಬಯಕೆ ಇದ್ದರೆ ಅದು ಸೇವೆಯೇ ಎಂದು ಈ ದೇಶದಲ್ಲಿ ಬಹುಕಾಲದಿಂದ ಕೇಳುತ್ತ ಬಂದಿದ್ದಾರೆ. ಕೇಳಬೇಕಾದುದೇ. ಡಾಮಿಯನ್ನರಿಗೂ ಆ ಬಯಕೆ ಇದ್ದಿತು. ಇಲ್ಲವೆಂದು ಸಾಧಿಸುವುದು ಚರಿತ್ರೆಗೆ ಅಪಚಾರ. ಅನ್ನಕ್ಕೂ ಔಷಧಕ್ಕೂ ಪ್ರತಿಫಲವಾಗಿ ವಿಶ್ವಾಸವನ್ನು ಕೇಳಿದಲ್ಲಿ ಸೇವೆಯು ವ್ಯಾಪಾರವಾಗುತ್ತದೆ; ಪ್ರತಿಫಲವಾಗಿ ಹೊಗಳಿಕೆಯನ್ನು, ಮತವನ್ನು, ಕಲ್ಲಿನ ಮೇಲೆ ಹೆಸರನ್ನು ಕೇಳಿದಲ್ಲಿಯೂ ಅಷ್ಟೆ. ಇದನ್ನು ಅಳೆಯುವ ಕೋಲು ಹೊರಗಿನಿಂದ ತರಬೇಕಾದುದಲ್ಲ, ಕ್ರೈಸ್ತರ ಗ್ರಂಥದಲ್ಲಿಯೇ ಇದೆ. ಯೂದನ ಪಾದ ತೊಳೆದ ಆ ನೀರಿನಿಂದ ಯಾವ ಲಾಭವೂ ಬರುವಂತಿರಲಿಲ್ಲ.

ಡಾಮಿಯನ್ನರ ಕೊನೆಯ ದಿನಗಳಲ್ಲಿ ಅವರ ಮುಖ ಊದಿ, ಕೈಗಳು ಹುಣ್ಣಾಗಿದ್ದವು. 1886ರಲ್ಲಿ ಅಮೆರಿಕದಿಂದ ಬಂದು ಸೇರಿದ್ದ ಜೋಸೆಫ್ ಡಟನ್ ಎಂಬ ಹಳೆಯ ಸೈನಿಕನೂ ಆಮೇಲೆ ಬಂದ ಇತರರೂ ಅವರ ಕೆಲಸವನ್ನು ವಹಿಸಿಕೊಂಡರು. ಹತ್ತಾರು ವರ್ಷ ಇತರರ ಹುಣ್ಣು ತೊಳೆದವರು ಈಗ ತಮ್ಮ ಹುಣ್ಣುಗಳನ್ನು ಇನ್ನೊಬ್ಬರ ಕೈಗೆ ಕೊಟ್ಟು ಮಲಗಬೇಕಾಯಿತು. ಯಾರೊಡನೆಯೂ ಹೊಂದಿಕೊಳ್ಳಲಾರರೆಂದು ಹೆಸರಾಗಿದ್ದ ಆ ಮನುಷ್ಯರಿಗೆ ಇದು ಸುಲಭವಾಗಿದ್ದಿರಲಾರದು. 1889ರ ಏಪ್ರಿಲ್ 15ರಂದು, 49ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಮೊದಲ ರಾತ್ರಿಗಳಲ್ಲಿ ಮಲಗಿದ್ದ ಆ ಮರದ ಬುಡದಲ್ಲಿಯೇ ಅವರನ್ನು ಮಣ್ಣು ಮಾಡಿದರು.